ನೀರು ಹದಕ್ಕೆ ಬರುವ ತನಕ ಬೀಗ

ಚಂಪಾಘಾಟ್ ಪುರಸಭೆಯ ವತಿಯಿಂದ ಮೀನು ಮಾರುಕಟ್ಟೆಯಲ್ಲಿ ಕಟ್ಟಿಸಲಾದ ಮಹಿಳಾ ಶೌಚಾಲಯವು ಎಲ್ಲ ರೀತಿಯಿಂದಲೂ ಪೂರ್ಣಗೊಂಡಿತ್ತು, ಅತ್ಯುತ್ತಮ ಸ್ಥಿತಿಯಲ್ಲಿತ್ತು ಮತ್ತು ಅದಕ್ಕೆ ಬೀಗ ಹಾಕಲಾಗಿತ್ತು. ಬೀಗವೂ ಅತ್ಯುತ್ತಮ ಸ್ಥಿತಿಯಲ್ಲಿತ್ತು. ಈ ಬಗ್ಗೆ ಕೆಲವರು, ಅದರಲ್ಲೂ ಕೋಲ್ಕತ್ತದಿಂದ ಬೆಳಿಗ್ಗೆ ಬಂದು ಮಧ್ಯಾಹ್ನ ಹೋಗುವ ಪತ್ರಕರ್ತರು, ಇಲ್ಲಸಲ್ಲದ್ದನ್ನು ಬರೆದಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಹೇಳುವುದು ನನ್ನ ಕರ್ತವ್ಯವಾಗಿದೆ.

ನಾನು ಈ ಪುರಸಭೆಯ ಹೆಡ್ ಕ್ಲರ್ಕ್, ಭವತೋಷ ಪಾಲಧಿ. ಊರಿನವರ ಬಾಯಲ್ಲಿ ಬೊಡೊಬಾಬು, ಅಂದರೆ ದೊಡ್ಡ ಬಾಬು. ಎಷ್ಟೋ ಅಧ್ಯಕ್ಷರು ಬಂದರು, ಹೋದರು. ಎಲ್ಲರೂ ನನ್ನ ಕೈಬರಹವನ್ನು ಹೊಗಳಿಯೇ ಹೋದರು. ಶೌಚಾಲಯದ ಬೀಗದ ಕೈಯನ್ನು ನನ್ನ ವಶಕ್ಕೆ ಒಪ್ಪಿಸಲಾಗಿತ್ತು. ಅದನ್ನು ನಾನು ಜನಿವಾರಕ್ಕೆ ಕಟ್ಟಿಕೊಂಡಿದ್ದೆ, ಸ್ನಾನ ಮಾಡುವಾಗಲೂ ಬಿಚ್ಚುತ್ತಿರಲಿಲ್ಲ.

ನಮ್ಮ ಮಾರುಕಟ್ಟೆಯಲ್ಲಿ ಮೀನು ಹೆಚ್ಚುವವರು, ಮಾರುವವರು ಬಹುಪಾಲು ಹೆಂಗಸರು. ಬೆಳಕು ಹರಿಯುವ ಮುಂಚೆ ಮೊದಲ ಲೋಕಲ್ ರೈಲಿಗೆ ಬಂದು ಈಳಿಗೆಯ ಮುಂದೆ ಕೂತರೆ ಏಳುವುದು ಮಧ್ಯಾಹ್ನ ಕಳೆದ ಮೇಲೆ. ನಡುವೆ ಅವಸರವಾದರೆ ರೈಲು ಹಳಿ ದಾಟಿ ಗೂಡ್ಸ್ ಶೆಡ್ಡಿನ ಹಿಂದೆ ಹೋಗಿ ಛತ್ರಿ ಅಡ್ಡ ಹಿಡಿದು ಕೂರಬೇಕು. ವಾಪಸು ಬರುವಷ್ಟರಲ್ಲಿ ಬುಟ್ಟಿಯ ಮೀನು ಬೆಕ್ಕಿನ ಪಾಲು. ಹಾಗಾಗಿ ಅವರು ಕಂಡುಕೊಂಡ ಉಪಾಯವೆಂದರೆ ನೀರನ್ನೇ ಕುಡಿಯದಿರುವುದು. ಶೌಚಾಲಯದ ಬಾಗಿಲಿಗೆ ಎದುರಾಗಿ ಕೂರುವ, ಎಲ್ಲರೂ ಮಾಶಿ (ಚಿಕ್ಕಮ್ಮ) ಎಂದು ಕರೆಯುವ ಶೆಫಾಲಿ ಮಾಲೊ ಈ ವಿದ್ಯೆಯಲ್ಲಿ ಎಲ್ಲರಿಗಿಂತ ಹಳಬಳು. ಅದರ ಫಲವಾಗಿ ಆಕೆಗೆ ಮೂತ್ರದಲ್ಲಿ ಉರಿ, ಸೊಂಟದಲ್ಲಿ ನೋವು, ಆಗಾಗ ಚಳಿಜ್ವರ. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ, ದಿನವಿಡೀ ನೀರು ಕುಡಿಯದಿದ್ದರೆ ಕಿಡ್ನಿ ಕೈಕೊಡುತ್ತದೆ ಎಂದು ಬೈದು ಕಳಿಸಿದ್ದರು. ಶೌಚಾಲಯಕ್ಕೆ ಅಡಿಪಾಯ ತೋಡಿದ ದಿನ ಶೆಫಾಲಿ ಅಗೆಯುವವರಿಗೆಲ್ಲ ಮಂಡಕ್ಕಿ, ಬದನೆಕಾಯಿ ಬಜ್ಜಿ ಹಂಚಿದ್ದಳು. ನನಗೂ ಒಂದು ಪೊಟ್ಟಣ ಬಂದಿತ್ತು, ಚೆನ್ನಾಗಿತ್ತು.

ಈಗ ಅಕ್ವೇರಿಯಂ ವಿಷಯ. ಶೌಚಾಲಯ ಕಟ್ಟಲು ಶೌಚಾಲಯದ ಬಾಬ್ತಿನಲ್ಲಿ ಹಣವಿರಲಿಲ್ಲ. ನಗರ ಸೌಂದರ್ಯೀಕರಣದ ಬಾಬ್ತಿನಲ್ಲಿತ್ತು. ಆ ಬಾಬ್ತಿನ ನಿಯಮದ ಪ್ರಕಾರ, ಕಟ್ಟುವ ಕಟ್ಟಡದಲ್ಲಿ ಕನಿಷ್ಠ ಒಂದು ಸುಂದರವಾದ ವಸ್ತು ಇರತಕ್ಕದ್ದು. ಶೌಚಾಲಯದಲ್ಲಿ ಸುಂದರವಾಗಿ ಏನನ್ನು ಇಡುವುದು ಎಂದು ಸಭೆಯಲ್ಲಿ ಬಹಳ ಚರ್ಚೆಯಾಯಿತು. ಮಹಾಪುರುಷರ ಪ್ರತಿಮೆ ಇಡೋಣವೆಂದರೆ ಜಾಗ ಮರ್ಯಾದೆಯದಲ್ಲ. ಕಡೆಗೆ ಅಧ್ಯಕ್ಷರಾದ ಅಮಿಯಕಾಂತಿ ಹಾಜರಾ ಅವರು ತಮ್ಮ ಅತ್ತಿಗೆಯ ಹೆರಿಗೆಯಾದ ನರ್ಸಿಂಗ್ ಹೋಮಿನಲ್ಲಿ ಕಂಡ ಬಣ್ಣದ ಮೀನಿನ ತೊಟ್ಟಿಯನ್ನು ಸೂಚಿಸಿದರು. ಮೀನು ಮಾರುಕಟ್ಟೆಗೆ ಮೀನೇ ಶೋಭೆ ಎಂದು ಎಲ್ಲರೂ ಮೇಜು ಕುಟ್ಟಿದರು. ಬಾಗಿಲ ಪಕ್ಕದ ಕಿಟಕಿಯಲ್ಲಿ, ಹೊರಗಿನಿಂದಲೂ ಕಾಣುವ ಹಾಗೆ, ಆಳೆತ್ತರದ ಗಾಜಿನ ತೊಟ್ಟಿ ಬಂತು.

ತೊಟ್ಟಿಯ ಉಸ್ತುವಾರಿಯನ್ನು ನಮ್ಮ ಸಹಾಯಕ ಇಂಜಿನಿಯರ್ ತಥಾಗತ ಬೈದ್ಯನಿಗೆ ವಹಿಸಲಾಯಿತು. ಚರಂಡಿಯ ವಿಷಯ ಬಂದರೆ ಆಕಳಿಸುವ ಹುಡುಗ, ಬಣ್ಣದ ಮೀನಿನ ವಿಷಯ ಬಂದರೆ ಊಟ ಬಿಡುತ್ತಾನೆ. ನೀರು ತುಂಬಿಸಿದ ದಿನ ಅಧ್ಯಕ್ಷರು ನಾಳೆಯೇ ಮೀನು ಬಿಟ್ಟು ಉದ್ಘಾಟಿಸೋಣ ಎಂದಾಗ ಅವನು ಕೈ ಮುಗಿದು ಅಡ್ಡ ನಿಂತ.

"ಸಾರ್, ಇದಿನ್ನೂ ಹಸಿ ನೀರು. ಈಗಲೇ ಬಿಟ್ರೆ ಮೀನು ಸತ್ತೋಗ್ತವೆ."

"ಮೀನು ನೀರಲ್ಲಿ ಸಾಯುತ್ತೇನಯ್ಯಾ?"

"ಮೀನು ಹೊಲಸು ಮಾಡುತ್ತೆ ಸಾರ್. ಅದರಿಂದ ಅಮೋನಿಯಾ ಹುಟ್ಟುತ್ತೆ, ಅದು ಮೀನಿಗೇ ವಿಷ. ಅದನ್ನ ತಿನ್ನೋ ಸೂಕ್ಷ್ಮಜೀವಿಗಳು ಮೊದಲು ಫಿಲ್ಟರಿನ ಸ್ಪಂಜಲ್ಲಿ ಮನೆ ಮಾಡ್ಕೋಬೇಕು. ಅವು ತಿಂದು ಬಿಡೋದೂ ವಿಷಾನೇ. ಅದನ್ನ ತಿನ್ನೋಕೆ ಇನ್ನೊಂದು ಜಾತಿ ಬರಬೇಕು. ಅದು ಬಂದ ಮೇಲೆ ನೀರು ಹದಕ್ಕೆ ಬಂತು ಅಂತ ಲೆಕ್ಕ."

ಅಧ್ಯಕ್ಷರು ಗಂಭೀರವಾಗಿ ತಲೆಯಾಡಿಸಿದರು. "ಅಂದ್ರೆ ಒಬ್ಬ ತಿಂದು ಬಿಟ್ಟಿದ್ದನ್ನ ಇನ್ನೊಬ್ಬ ತಿಂತಾನೆ, ಅವನು ಬಿಟ್ಟಿದ್ದನ್ನ ಮತ್ತೊಬ್ಬ ತಿಂತಾನೆ. ಆಮೇಲೆ ಎಲ್ಲರಿಗೂ ಹಿತ."

"ಹೌದು ಸಾರ್."

"ಇಷ್ಟೇನಾ? ಇದು ನಮ್ಮ ಪುರಸಭೆಗೆ ಹೊಸದಾ! ಎಷ್ಟು ಹೊತ್ತು ಬೇಕು?"

"ತಿಂಗಳು, ಒಂದೂವರೆ ತಿಂಗಳು."

ತೊಂದರೆ ಏನೂ ಇರಲಿಲ್ಲ. ಕಾಮಗಾರಿಯ ಎಲ್ಲ ಅಂಗಗಳೂ ಚಾಲ್ತಿಯಲ್ಲಿದ್ದರೆ ಮಾತ್ರ ಕಟ್ಟಡವನ್ನು ಸಾರ್ವಜನಿಕರಿಗೆ ತೆರೆಯಬಹುದು ಎಂದು ನಿಯಮವಿದೆ. ಮೀನಿನ ತೊಟ್ಟಿಯು ಕಾಮಗಾರಿಯ ಅಂಗ. ಮೀನಿಲ್ಲದ ಮೀನಿನ ತೊಟ್ಟಿ ಚಾಲ್ತಿಯಲ್ಲಿದೆ ಎನ್ನಲಾಗದು. ಆದ್ದರಿಂದ ನೀರು ಹದಕ್ಕೆ ಬರುವ ತನಕ ಶೌಚಾಲಯಕ್ಕೆ ಬೀಗ. ಟಿಪ್ಪಣಿ ಬರೆದವನು ನಾನೇ. ಅದರಲ್ಲಿ ಒಂದು ಅಕ್ಷರ ಅತ್ತಿತ್ತ ಮಾಡುವಂತಿರಲಿಲ್ಲ.

ಮರುದಿನ ಮೀನು ಕೊಳ್ಳಲು ಹೋದಾಗ ಶೆಫಾಲಿ ಈಳಿಗೆಯಿಂದ ಕೈ ತೆಗೆಯದೆ ಕೇಳಿದಳು.

"ಏನ್ ಬೊಡೊಬಾಬು, ಬಾಗಿಲು ಬಣ್ಣ ಆಯ್ತು, ನಲ್ಲಿ ಬಂತು, ದೀಪಾನೂ ಉರೀತಿದೆ. ಇನ್ನೂ ಯಾರಿಗೆ ಕಾಯ್ತಿದೀರಾ?"

"ಸೂಕ್ಷ್ಮಜೀವಿಗಳಿಗೆ ಮಾಶಿ."

"ಯಾವ ಇಲಾಖೆಯವರು?"

ನಾನು ವಿವರಿಸಿ ಹೇಳಿದೆ. ಆಕೆ ಕೈಯಲ್ಲಿದ್ದ ರೋಹು ಮೀನಿನ ತಲೆಯನ್ನು ಒಂದೇ ಏಟಿಗೆ ಬೇರೆ ಮಾಡಿ ಹೇಳಿದಳು: "ಹಾಗಾದ್ರೆ ನಮಗಿಂತ ಮುಂಚೆ ಅವರು ಹೋಗಿ ಬರ್ತಾರೆ ಅನ್ನಿ." ಮಾತಿನಲ್ಲಿ ಸ್ವಲ್ಪ ಕುಹಕವಿತ್ತು, ಆದರೆ ವಿಷಯ ಸರಿಯಾಗಿಯೇ ಗ್ರಹಿಸಿದ್ದಳು.

ಸೂಕ್ಷ್ಮಜೀವಿಗಳು ಬರಬೇಕಾದರೆ ಅವಕ್ಕೆ ತಿನ್ನಲು ಅಮೋನಿಯಾ ಬೇಕು. ಮೀನಿಲ್ಲದೆ ಅಮೋನಿಯಾ ಬರಬೇಕಾದರೆ ತೊಟ್ಟಿಯಲ್ಲಿ ಏನಾದರೂ ಕೊಳೆಯಬೇಕು. ತಥಾಗತ ಶೆಫಾಲಿಯ ಬಳಿ ಹೋಗಿ ಒಂದು ಸಿಗಡಿ ಕೇಳಿದ. "ಕೊಳೆತದ್ದಿದ್ರೆ ಇನ್ನೂ ಒಳ್ಳೇದು ಮಾಶಿ" ಅಂದ.

"ನನ್ನ ಬುಟ್ಟೀಲಿ ಕೊಳೆತದ್ದಾ?" ಶೆಫಾಲಿ ಎದ್ದು ನಿಂತಳು. "ನಮ್ಮಜ್ಜಿ ಕಾಲದಿಂದ ಈ ಜಾಗದಲ್ಲಿ ಕೂತಿದೀವಿ. ಏನಂದೆ ಈಗ, ಇನ್ನೊಂದ್ಸಲ ಹೇಳು ನೋಡೋಣ!"

ಅವನು ಎರಡು ಹೆಜ್ಜೆ ಹಿಂದೆ ಸರಿದ. ಆಕೆ ಬುಟ್ಟಿಯಲ್ಲಿದ್ದುದರಲ್ಲೇ ಅತ್ಯಂತ ತಾಜಾ ಸಿಗಡಿಯನ್ನು, ಮೀಸೆ ಇನ್ನೂ ಅಲುಗಾಡುತ್ತಿದ್ದುದನ್ನು, ಅವನ ಕೈಗೆ ಕೊಟ್ಟಳು. ಅದನ್ನು ಅವನು ತಿನ್ನದೆ ತೊಟ್ಟಿಗೆ ಹಾಕಿ ಕೊಳೆಯಲು ಬಿಟ್ಟದ್ದನ್ನು ಕಿಟಕಿಯಿಂದ ಕಂಡು ಆಕೆಗೆ ಅಳು ಬಂತು. ಅಂಥ ಸಿಗಡಿಗೆ ತೆಂಗಿನ ಹಾಲು ಹಾಕಿ ಮಾಡಬೇಕಾದ ಸಾರಿನ ನೆನಪಾಗಿ ನನಗೂ ಸಂಕಟವಾಯಿತು. ಆದರೆ ಸರ್ಕಾರಿ ಕೆಲಸದಲ್ಲಿ ನಾಲಿಗೆಗೆ ಜಾಗವಿಲ್ಲ. ನಾನು ಬಾಗಿಲಿಗೆ ಪ್ರಕಟಣೆ ಅಂಟಿಸಿದೆ:

"ಸಾರ್ವಜನಿಕರ ಗಮನಕ್ಕೆ. ಇಲ್ಲಿ ಸೂಕ್ಷ್ಮಜೀವಿಗಳು ವಾಸ್ತವ್ಯ ಹೂಡುತ್ತಿವೆ. ಬಾಗಿಲು ತಟ್ಟುವುದು, ತೊಟ್ಟಿಯ ಎದುರು ಮೀನಿನ ಬೆಲೆ ಕೂಗುವುದು, ಒಳಗೆ ಇಣುಕಿ ಅವುಗಳಿಗೆ ಮುಜುಗರ ಉಂಟುಮಾಡುವುದನ್ನು ನಿಷೇಧಿಸಲಾಗಿದೆ. ತುರ್ತು ಇರುವ ಮಹಿಳೆಯರು ಸಹಕರಿಸತಕ್ಕದ್ದು. ಆದೇಶಾನುಸಾರ."

ಎಲ್ಲವೂ ಸುಸೂತ್ರವಾಗಿ ನಡೆಯುತ್ತಿತ್ತು. ಅಷ್ಟರಲ್ಲಿ ಸಿಗಡಿಯ ಸುದ್ದಿ ಉಪಾಧ್ಯಕ್ಷರಾದ ಸುಧಾಮಯ ದತ್ತಗುಪ್ತರ ಕಿವಿಗೆ ಬಿತ್ತು.

ಚಂಪಾಘಾಟ್‌ನಲ್ಲಿ ಮನುಷ್ಯರು ಎರಡು ಬಗೆ. ತಲೆತಲಾಂತರದಿಂದ ಇಲ್ಲೇ ಇರುವವರು ಘೋಟಿಗಳು. ದೇಶ ಒಡೆದಾಗ ಪದ್ಮಾ ನದಿಯ ಆಚೆಯಿಂದ ಬಂದ ಮನೆತನದವರು ಬಾಂಗಾಲರು. ಘೋಟಿಗಳ ಹೆಮ್ಮೆ ಸಿಗಡಿ, ಬಾಂಗಾಲರ ಪ್ರಾಣ ಇಲಿಶ್ ಮೀನು. ಇವರಿಬ್ಬರ ತಂಡಗಳ ನಡುವಿನ ಫುಟ್‌ಬಾಲ್ ಪಂದ್ಯದಲ್ಲಿ ಯಾರು ಗೆದ್ದರು ಎಂದು ತಿಳಿಯಲು ಪತ್ರಿಕೆ ಬೇಡ, ಮಾರುಕಟ್ಟೆಯಲ್ಲಿ ಯಾವುದರ ಬೆಲೆ ಏರಿದೆ ಎಂದು ಕೇಳಿದರೆ ಸಾಕು. ನಮ್ಮ ಅಧ್ಯಕ್ಷರು ಘೋಟಿ, ಉಪಾಧ್ಯಕ್ಷರು ಬಾಂಗಾಲ. ನನ್ನ ತಂದೆ ಘೋಟಿ, ತಾಯಿ ಬಾಂಗಾಲ. ಹಾಗಾಗಿ ನನಗೆ ಅಭಿಪ್ರಾಯಗಳಿಲ್ಲ.

ಉಪಾಧ್ಯಕ್ಷರು ತುರ್ತು ಸಭೆ ಕರೆಸಿದರು. "ಸಾರ್ವಜನಿಕ ನೀರು ಸಿಗಡಿಯಿಂದಲೇ ಯಾಕ್ರೀ ಹದಕ್ಕೆ ಬರಬೇಕು? ಈ ಊರಲ್ಲಿ ಅರ್ಧ ಜನ ನಮ್ಮವರು. ನಾಳೆ ಆ ತೊಟ್ಟೀಲಿ ಹುಟ್ಟೋ ಸೂಕ್ಷ್ಮಜೀವಿ ಪೂರಾ ಘೋಟಿ ಆಗಿರುತ್ತೆ!"

"ಸಿಗಡಿ ತಿಂದವರು ಬುದ್ಧಿವಂತರಾಗ್ತಾರೆ ದತ್ತಗುಪ್ತ ಬಾಬು, ಸೂಕ್ಷ್ಮಜೀವೀನೂ ಆಗ್ಲಿ ಬಿಡಿ" ಎಂದರು ಅಧ್ಯಕ್ಷರು.

"ಸಿಗಡಿ ಮೀನೇ ಅಲ್ಲ, ಹುಳ! ಪುರಸಭೆ ಹುಳಾನ ಕೊಳೆ ಹಾಕ್ತಿದೆ!"

ಕುರ್ಚಿಗಳು ಕದಲಿದವು. ತಥಾಗತ ಎದ್ದು, ಅಮೋನಿಯಾಕ್ಕೆ ಊರು ಕೇರಿ ಇಲ್ಲ, ಈಗಿರುವುದೇ ಸಾಕು, ಹೆಚ್ಚಾದರೆ ಕೆಡುತ್ತದೆ ಎಂದು ಹೇಳಲು ನೋಡಿದ. ಅವನ ಅಜ್ಜ ಯಾವ ಕಡೆಯವರು ಎಂದು ಇಬ್ಬರೂ ಒಟ್ಟಿಗೆ ಕೇಳಿದ್ದರಿಂದ ಕೂತುಕೊಂಡ. ಕಡೆಗೆ, ಸಾಮಾಜಿಕ ಸೌಹಾರ್ದದ ದೃಷ್ಟಿಯಿಂದ ಸಿಗಡಿಯ ಪಕ್ಕದಲ್ಲಿ ಇಲಿಶ್ ಮೀನನ್ನೂ ಕೊಳೆಯಿಸತಕ್ಕದ್ದು ಎಂದು ಸರ್ವಾನುಮತದಿಂದ ಠರಾವಾಯಿತು. ಉಪಾಧ್ಯಕ್ಷರು ಮೊಟ್ಟೆ ತುಂಬಿದ, ಹೊಟ್ಟೆ ಹೊಳೆಯುವ, ತಕ್ಕಡಿ ಬಾಗಿಸುವಂಥ ಇಲಿಶನ್ನು ಸ್ವತಃ ಆರಿಸಿ ತಂದು, ಬಾಂಗಾಲರ ಜಯಘೋಷದ ನಡುವೆ ತೊಟ್ಟಿಗೆ ಇಳಿಸಿದರು.

ಇಲಿಶ್ ಮೀನಿನಲ್ಲಿ ಎಣ್ಣೆ ಬಹಳ. ಮೊದಲು ನೀರಿನ ಮೇಲೆ ಅದರ ಪದರ ಕಟ್ಟಿತು. ಆಮೇಲೆ ನೀರು ಹಾಲಿನ ಬಣ್ಣಕ್ಕೆ ತಿರುಗಿತು. ಆಮೇಲೆ ಬಂದ ವಾಸನೆಗೆ ಮೀನು ಮಾರುಕಟ್ಟೆಯವರೇ ಮೂಗು ಮುಚ್ಚಿಕೊಂಡರು. ಅವರು ಮೂಗು ಮುಚ್ಚಿಕೊಂಡದ್ದನ್ನು ನಾನು ನನ್ನ ಜೀವಮಾನದಲ್ಲಿ ಕಂಡದ್ದು ಅದೊಂದೇ ಸಲ. ತಥಾಗತ ಕೊಳವೆಯಲ್ಲಿ ನೀರು ಹಿಡಿದು ಅಮೋನಿಯಾ ಅಳೆಯುವ ಔಷಧಿಯ ಹನಿ ಹಾಕಿದರೆ ಹಳದಿಯಾಗಬೇಕಾದದ್ದು ಕಡು ಹಸಿರಾಯಿತು. ಪರವಾಗಿಲ್ಲ, ಎರಡನ್ನೂ ತೆಗೆದು ಅರ್ಧ ನೀರು ಬದಲಾಯಿಸಿದರೆ ಬಂದಿರುವ ಜೀವಿಗಳು ಉಳಿದುಕೊಳ್ಳುತ್ತವೆ ಎಂದ. ಬಕೆಟ್ ತರಲು ಹೋದ.

ಆದರೆ ದುರ್ವಾಸನೆಯ ದೂರು ಆಗಲೇ ಆರೋಗ್ಯ ವಿಭಾಗಕ್ಕೆ ತಲುಪಿತ್ತು. ನಮ್ಮ ಪುರಸಭೆಯಲ್ಲಿ ಯಾವ ಸಮಸ್ಯೆಗಾದರೂ ಮೊದಲು ಬ್ಲೀಚಿಂಗ್ ಪೌಡರ್, ನಂತರ ವಿಚಾರಣೆ. ಪ್ರವಾಹ ಬಂದರೂ ಅದೇ, ಮಂತ್ರಿ ಬಂದರೂ ಅದೇ. ಅವರು ಬಂದು ನನ್ನಿಂದ ಬೀಗ ತೆಗೆಸಿ ಚೀಲ ಬಿಚ್ಚಿ ತೊಟ್ಟಿಯೊಳಕ್ಕೆ ಸುರಿದರು. ಫಿಲ್ಟರಿನ ಸ್ಪಂಜನ್ನೂ ತೆಗೆದು ಬ್ಲೀಚಿಂಗ್ ನೀರಲ್ಲಿ ಹಿಂಡಿ ಹಿಂಡಿ ತೊಳೆದರು. ಬಕೆಟ್ ಹಿಡಿದು ಬಂದ ತಥಾಗತ ಬಾಗಿಲಲ್ಲೇ ಕುಸಿದು ಕೂತ.

"ಎಲ್ಲಾ ಸತ್ವು ಬೊಡೊಬಾಬು. ಒಂದೂ ಉಳೀಲಿಲ್ಲ."

ಪುರಸಭೆಯ ಆಶ್ರಯದಲ್ಲಿದ್ದವರು ಕರ್ತವ್ಯದಲ್ಲಿರುವಾಗ ತೀರಿಕೊಂಡರೆ ಶೋಕಸಭೆ ನಡೆಸುವ ಪದ್ಧತಿ ಇದೆ. ಸೂಕ್ಷ್ಮಜೀವಿಗಳ ಸೇವೆಯನ್ನು ಅಧ್ಯಕ್ಷರು, ಉಪಾಧ್ಯಕ್ಷರು ಇಬ್ಬರೂ ಸ್ಮರಿಸಿದರು. ಒಂದು ನಿಮಿಷ ಮೌನ ಆಚರಿಸಿ, ಅಗಲಿದವರ ಗೌರವಾರ್ಥ ಕಚೇರಿಗೆ ಅರ್ಧ ದಿನ ರಜೆ ಕೊಡಲಾಯಿತು. ನೀರನ್ನು ಮೊದಲಿನಿಂದ ಹದ ಮಾಡಬೇಕಾಗಿ ಬಂತು.

ಈ ನಡುವೆ ಶೆಫಾಲಿ ಕೆಲ ದಿನ ಮಾರುಕಟ್ಟೆಯಲ್ಲಿ ಕಾಣಲಿಲ್ಲ. ಜ್ವರ ಬಂದು ಆಸ್ಪತ್ರೆ ಸೇರಿದ್ದಳಂತೆ. ವಾಪಸು ಬಂದಾಗ ಮುಖ ಬಿಳಿಚಿತ್ತು, ಪಾದ ಊದಿತ್ತು. ಒಂದು ಕಿಡ್ನಿ ಅರ್ಧ ಕೆಲಸ ಮಾಡುತ್ತಿದೆ, ಇನ್ನು ನೀರು ಕುಡಿಯದಿದ್ದರೆ ಅದೂ ನಿಲ್ಲುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ನನಗೆ ಕೆಡುಕೆನಿಸಿತು. ಆ ದಿನ ಮೀನಿನ ಬೆಲೆಯಲ್ಲಿ ಚೌಕಾಸಿ ಮಾಡಲಿಲ್ಲ.

ಆಕೆ ಹತ್ತಾರು ಹೆಂಗಸರನ್ನು ಕಟ್ಟಿಕೊಂಡು ನೇರ ಅಧ್ಯಕ್ಷರ ಕೋಣೆಗೆ ಬಂದಳು. ಒಳಗೆ ಸಿಗಡಿಯೋ ಇಲಿಶೋ ಎಂಬ ಚರ್ಚೆ ಮತ್ತೆ ಕಾವೇರಿತ್ತು.

"ನಿಮ್ಮ ತೊಟ್ಟಿಗೆ ಏನ್ ಬೇಕು ಸಾರ್? ಆ ವಾಸ್ನೆ ಬರೋದು ತಾನೆ? ಆ ಇಂಜಿನಿಯರ್ ಬಾಬು ಹೇಳ್ತಿದ್ನಲ್ಲ, ಅಮೋನಿಯಾ. ಅದು ನಮ್ಮ ಹತ್ರಾನೇ ಇದೆ. ಬೆಳಿಗ್ಗೆಯಿಂದ ಹಿಡ್ಕೊಂಡು ಕೂತಿದೀವಿ. ಬಾಗಿಲು ತೆಗೀರಿ, ಎಷ್ಟು ಬೇಕೋ ಅಷ್ಟು ತಗೊಳ್ಳಿ."

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಅಧ್ಯಕ್ಷರು ಛೀ ಛೀ ಎಂದರು. ಉಪಾಧ್ಯಕ್ಷರು ಗೋಡೆಯ ಕಡೆ ತಿರುಗಿದರು. ತಥಾಗತ ಮಾತ್ರ ಕನ್ನಡಕ ಒರೆಸಿಕೊಂಡು, "ಸಾರ್, ವೈಜ್ಞಾನಿಕವಾಗಿ ಮಾಶಿ ಹೇಳೋದು ಸರಿ. ಕೆಲವು ಹನಿ ಸಾಕು. ಕೆಲವರು ಮನೇಲೂ ಹಾಗೇ ಮಾಡ್ತಾರೆ" ಎಂದ.

ಅಧ್ಯಕ್ಷರೂ ಉಪಾಧ್ಯಕ್ಷರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿಗಡಿಯೂ ಅಲ್ಲದ, ಇಲಿಶೂ ಅಲ್ಲದ, ಯಾರ ಮನಸ್ಸನ್ನೂ ನೋಯಿಸದ ಪದಾರ್ಥವೊಂದು ಇದೆ ಎಂಬುದು ಅವರಿಗೆ ಅದುವರೆಗೆ ಹೊಳೆದಿರಲಿಲ್ಲ. ಸಲಹೆ ತಕ್ಷಣ ಅಂಗೀಕಾರವಾಯಿತು. ಆದರೆ ಒಂದು ತೊಡಕಿತ್ತು. ಉದ್ಘಾಟನೆಗೆ ಮುಂಚೆ ಶೌಚಾಲಯವನ್ನು ಸಾರ್ವಜನಿಕರು ಬಳಸುವಂತಿಲ್ಲ. ಶೆಫಾಲಿಯೂ ಅವಳ ಸಂಗಡಿಗರೂ ಸಾರ್ವಜನಿಕರು. ಅಧ್ಯಕ್ಷರೂ ಉಪಾಧ್ಯಕ್ಷರೂ ಸಾರ್ವಜನಿಕರಲ್ಲ. ಆದ್ದರಿಂದ ಸದರಿ ಪದಾರ್ಥವನ್ನು ಇವರಿಬ್ಬರೇ, ಸಮಪ್ರಮಾಣದಲ್ಲಿ, ದಿನ ಬಿಟ್ಟು ದಿನ ಪೂರೈಸತಕ್ಕದ್ದು ಎಂದು ತೀರ್ಮಾನವಾಯಿತು. ಹೆಂಗಸರಿಗೆ ಅವರ ಅಮೂಲ್ಯ ಸಲಹೆಗಾಗಿ ವಂದನೆ ಸಲ್ಲಿಸಿ, ಬಾಗಿಲ ತನಕ ಬೀಳ್ಕೊಡಲಾಯಿತು.

ಅಂದಿನಿಂದ ದಿನ ಬಿಟ್ಟು ದಿನ ಬೆಳಿಗ್ಗೆ ಅಧ್ಯಕ್ಷರ ಗಾಡಿಯೂ ಉಪಾಧ್ಯಕ್ಷರ ರಿಕ್ಷಾವೂ ಮಾರುಕಟ್ಟೆಗೆ ಬರುತ್ತಿದ್ದವು. ನಾನು ಬೀಗ ತೆಗೆಯುತ್ತಿದ್ದೆ. ಇಬ್ಬರೂ ಒಬ್ಬರಾದ ಮೇಲೊಬ್ಬರು ಒಳಗೆ ಹೋಗಿ, ಚೀನಾ ಮಣ್ಣಿನ ಬಟ್ಟಲನ್ನು ತಥಾಗತನಿಗೆ ಒಪ್ಪಿಸಿ, ಕೈ ತೊಳೆದು ಹೊರಬರುತ್ತಿದ್ದರು. ನಾನು ಮತ್ತೆ ಬೀಗ ಹಾಕುತ್ತಿದ್ದೆ.

"ಬಾಗಿಲು ತೆರೀತಲ್ಲ ಬೊಡೊಬಾಬು! ಗಂಡಸರು ಹೋಗಿ ಬಂದ್ರಲ್ಲ, ಮಹಿಳೆಯರು ಅಂತ ಬೋರ್ಡಿರೋ ಕಡೆ!" ಎಂದು ಶೆಫಾಲಿ ಕೂಗಿದಳು.

"ಅದು ಬಳಕೆಯಲ್ಲ ಮಾಶಿ, ಸಾಮಗ್ರಿ ಸರಬರಾಜು."

"ಅವರ ಸರಬರಾಜು ಸರಾಗವಾಗಿ ಆಗ್ತಿದೆ ಬಿಡಿ. ನೀರು ಕುಡಿದಿರ್ತಾರೆ."

ಈ ಸಲ ಸೂಕ್ಷ್ಮಜೀವಿಗಳಿಗೆ ಯಾವ ಅಡ್ಡಿಯೂ ಬರಲಿಲ್ಲ. ಕೊಳವೆಯ ಹಸಿರು ತಿಳಿಯಾಗುತ್ತ ಬಂತು. ಚಹಾದಂಗಡಿಯ ಬೆಂಚಿನಲ್ಲಿ ಕೂತವರು ಚುನಾವಣೆಯ ಮಾತು ಬಿಟ್ಟು ಕೊಳವೆಯ ಬಣ್ಣದ ಮಾತು ಹಿಡಿದರು. ಒಂದು ಬೆಳಿಗ್ಗೆ ತಥಾಗತ ಕೊಳವೆಯನ್ನು ಬಿಸಿಲಿಗೆ ಹಿಡಿದ. ಬಣ್ಣ ನಿಂಬೆಹಣ್ಣಿನ ಹಳದಿ. ಅವನ ಕಣ್ಣಲ್ಲಿ ನೀರು ಬಂತು. ಹಿಂದಿದ್ದ ಶೆಫಾಲಿ ಅವನ ಬೆನ್ನು ತಟ್ಟಿದಳು. ಅವಳ ಕಣ್ಣಲ್ಲೂ ನೀರಿತ್ತು, ಅಷ್ಟು ನೀರು ಆಕೆಯ ಮೈಯಲ್ಲಿ ಉಳಿದಿತ್ತೇ ಎಂದು ನನಗೆ ಆಶ್ಚರ್ಯವಾಯಿತು.

ಉದ್ಘಾಟನೆಗೆ ಮಂತ್ರಿಗಳು ಬಂದರು. ಬ್ಯಾಂಡು, ಶಂಖ, ಹೆಂಗಸರು ನಾಲಿಗೆ ಆಡಿಸಿ ಮಾಡುವ ಉಲೂಲು ಮಂಗಳಧ್ವನಿ. ಹೆಂಗಸರೆಲ್ಲ ಕೆಂಪಂಚಿನ ಬಿಳಿ ಸೀರೆ ಉಟ್ಟು ಸಾಲಾಗಿ ನಿಂತಿದ್ದರು. ಶೆಫಾಲಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಅಂದು ಬೆಳಿಗ್ಗೆ ಮನೆಯಿಂದ ಹೊರಡುವಾಗ ಒಂದು ಲೋಟ ನೀರು ಕುಡಿದು ಬಂದಿದ್ದೇನೆ ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು, ಮದುವೆ ಗೊತ್ತಾದ ಹುಡುಗಿ ಹೇಳುವ ಹಾಗೆ.

ಮಂತ್ರಿಗಳು ಬೆಳ್ಳಿ ತಟ್ಟೆಯಿಂದ ಕತ್ತರಿ ತೆಗೆದುಕೊಂಡು ರಿಬ್ಬನ್ ಕತ್ತರಿಸಿ, ಪಟ್ಟೆಪಟ್ಟೆಯ ಪುಟ್ಟ ಮೀನುಗಳ ಚೀಲವನ್ನು ಎತ್ತಿ ಹಿಡಿದರು. ಚೀಲದಲ್ಲಿ ಕೆಲವೇ ಮೀನು ಇದ್ದದ್ದು ಕಂಡು ಅವರ ಹುಬ್ಬು ಗಂಟಾಯಿತು.

"ಇಷ್ಟೇನಾ?"

"ಒಂದೇ ಸಲಕ್ಕೆ ಜಾಸ್ತಿ ಬಿಡಬಾರದು ಸಾರ್" ಎಂದ ತಥಾಗತ. "ಸೂಕ್ಷ್ಮಜೀವಿಗಳಿಗೆ ಭಾರ ತಡೆಯೋಕಾಗಲ್ಲ. ಮೊದಲು ಗಟ್ಟಿ ಜಾತಿ ಬಿಡಬೇಕು, ಅದೂ ಸ್ವಲ್ಪ ಸ್ವಲ್ಪ. ನಾಜೂಕು ಜಾತಿ ಕಟ್ಟಕಡೆಗೆ."

"ಅದ್ಭುತ!" ಎಂದರು ಮಂತ್ರಿಗಳು. "ಇದಲ್ಲವೇ ಯೋಜನೆ ಅಂದ್ರೆ! ಅಂದ ಹಾಗೆ, ಈ ಶೌಚಾಲಯದ ಸೆಪ್ಟಿಕ್ ಟ್ಯಾಂಕೂ ಹೊಸದೇ ಅಲ್ವೇನಯ್ಯಾ? ಅದರಲ್ಲೂ ಇಂಥವೇ ಜೀವಿಗಳು ಕೆಲಸ ಮಾಡೋದು ಅಂತ ಕೇಳಿದೀನಿ."

ತಥಾಗತ ಸುಳ್ಳು ಹೇಳುವ ಹುಡುಗನಲ್ಲ. "ಹೌದು ಸಾರ್, ಅಲ್ಲೂ ಜೀವಿಗಳಿರ್ತವೆ. ಆದರೆ ಅದು ಬೇರೆ..." ಎಂದು ಶುರು ಮಾಡಿದ. ಚಪ್ಪಾಳೆಯಲ್ಲಿ ಉಳಿದದ್ದು ಕೇಳಿಸಲಿಲ್ಲ.

ಸ್ಥಳದಲ್ಲೇ ತೀರ್ಮಾನವಾಯಿತು. ಮೀನಿಗೆ ಯಾವ ನಿಯಮವೋ ಮಹಿಳೆಯರಿಗೂ ಅದೇ ನಿಯಮ. ಶೌಚಾಲಯವನ್ನು ತೆರೆಯಲಾಗಿದೆ, ಆದರೆ ಬಳಕೆದಾರರನ್ನು ಹಂತಹಂತವಾಗಿ ಬಿಡತಕ್ಕದ್ದು. ಗಟ್ಟಿಮುಟ್ಟಾದವರು ಮೊದಲು, ನಾಜೂಕಿನವರು ಕಡೆಗೆ. ಯಾರು ಗಟ್ಟಿ ಎಂದು ಕಂಡುಹಿಡಿಯುವ ಕೆಲಸ ಆರೋಗ್ಯ ವಿಭಾಗದ್ದು. ಅವರು ಅಲ್ಲೇ ಪ್ರತಿಯೊಬ್ಬಳನ್ನೂ ಎಷ್ಟು ಹೊತ್ತು ತಡೆದುಕೊಳ್ಳಬಲ್ಲೆ ಎಂದು ವಿಚಾರಿಸಿದರು. ಸಂಜೆಯ ತನಕ ತಡೆದುಕೊಳ್ಳುತ್ತೇನೆ ಎಂದವರಿಗೆ ಆ ವಾರದ ಸರದಿ ಸಿಕ್ಕಿತು. ತಡೆಯಲಾರೆ ಎಂದವರಿಗೆ ಆಮೇಲೆ. ಆಸ್ಪತ್ರೆಯ ಚೀಟಿ ಇದ್ದವರು ಅತಿ ನಾಜೂಕಿನ ವರ್ಗಕ್ಕೆ ಸೇರಿದರು. ಆ ವರ್ಗದಲ್ಲಿದ್ದವಳು ಶೆಫಾಲಿ ಒಬ್ಬಳೇ.

"ನಾನೇನ್ ಮೀನಾ?" ಎಂದು ಆಕೆ ಅಧ್ಯಕ್ಷರ ಎದುರು ನಿಂತು ಕೇಳಿದಳು. ಅವಳ ಧ್ವನಿ ನಡುಗುತ್ತಿತ್ತು. ಅವಸರಕ್ಕೋ ಸಿಟ್ಟಿಗೋ ನನಗೆ ತಿಳಿಯಲಿಲ್ಲ.

ಅಧ್ಯಕ್ಷರು ಕರುಣೆಯಿಂದಲೇ ಹೇಳಿದರು. "ಮಾಶಿ, ಮೀನನ್ನ ನಾವು ಎಷ್ಟು ಜೋಪಾನ ಮಾಡಿದೀವಿ ನೀನೇ ನೋಡಿದೀಯಲ್ಲ. ಅಷ್ಟೇ ಜೋಪಾನ ನಿನಗೂ ಮಾಡ್ತಿದೀವಿ. ಹಸಿ ಟ್ಯಾಂಕಿಗೆ ನಿನ್ನ ಬಿಟ್ಟು, ನಾಳೆ ನಿನಗೇನಾದ್ರೂ ಆದ್ರೆ ಜನ ನಮ್ಮನ್ನ ಕೇಳಲ್ವಾ?"

ಆಕೆ ಛತ್ರಿ ತೆಗೆದುಕೊಂಡು, ಕೆಂಪಂಚಿನ ಸೀರೆಯನ್ನು ಮೇಲೆ ಸಿಕ್ಕಿಸಿಕೊಂಡು, ಹಳಿ ದಾಟಿ ಗೂಡ್ಸ್ ಶೆಡ್ಡಿನ ಕಡೆ ನಡೆದಳು. ಬ್ಯಾಂಡಿನವರು ಇನ್ನೂ ಬಾರಿಸುತ್ತಿದ್ದರು.

ಈಗ ಎಲ್ಲವೂ ಒಂದು ಕ್ರಮಕ್ಕೆ ಬಂದಿದೆ. ಮೀನುಗಳು ಆರೋಗ್ಯವಾಗಿವೆ, ಅವುಗಳಲ್ಲೊಂದು ಮರಿಯನ್ನೂ ಹಾಕಿದೆ. ಗಟ್ಟಿಮುಟ್ಟಾದ ಹೆಂಗಸರು ತಮ್ಮ ತಮ್ಮ ದಿನ ಬಂದಾಗ ಒಳಗೆ ಹೋಗಿ ಬರುತ್ತಾರೆ. ಬೇರೆ ಊರಿನ ಪುರಸಭೆಯವರು ಬಂದು ನೋಡಿ ಬರೆದುಕೊಂಡು ಹೋಗಿದ್ದಾರೆ. ಶೆಫಾಲಿಯ ಸರದಿ ದುರ್ಗಾ ಪೂಜೆ ಕಳೆದು, ಕಾಳಿ ಪೂಜೆಯೂ ಕಳೆದ ಮೇಲೆ ಬರುತ್ತದೆ. ನಾನೇ ಹೇಳಿದ್ದೇನೆ.

ಮೊನ್ನೆ ಬೆಳಿಗ್ಗೆ ಟುಂಪಾ ಎಂಬ ಹೊಸ ಹುಡುಗಿ, ಮದುವೆಯಾಗಿ ಬಂದು ಅತ್ತೆಯ ಜಾಗದಲ್ಲಿ ಮೀನು ಮಾರಲು ಕೂತವಳು, ತಡೆಯಲಾರದೆ ಎದ್ದು ಶೌಚಾಲಯದ ಬಾಗಿಲಿಗೆ ಕೈ ಹಾಕಿದಳು. ನಾನು ಬಾಯಿ ತೆರೆಯುವ ಮುಂಚೆಯೇ ಶೆಫಾಲಿ ಗದರಿದಳು.

"ಏಯ್ ಹುಡುಗಿ! ಎಲ್ಲಿಗೆ ನುಗ್ತಿದೀಯಾ? ನಿನ್ನ ಸರದೀನಾ ಇವತ್ತು?"

"ಅರ್ಜೆಂಟ್ ಮಾಶಿ, ಒಂದೇ ನಿಮಿಷ..."

"ಎಲ್ಲರಿಗೂ ಅರ್ಜೆಂಟೇ! ಒಂದೇ ಸಲಕ್ಕೆ ಭಾರ ಬಿದ್ರೆ ಒಳಗಿರೋ ಜೀವಿಗಳು ಸತ್ತು, ಮತ್ತೆ ಮೊದಲಿಂದ ಶುರು ಆಗುತ್ತೆ. ನಿನಗೇನ್ ಗೊತ್ತು, ಎಷ್ಟು ಕಷ್ಟಪಟ್ಟು ಹದಕ್ಕೆ ತಂದಿರೋದು. ತಗೋ ನನ್ನ ಛತ್ರಿ, ಹಳಿ ದಾಟಿ ಹೋಗು. ಎಡಗಡೆ ನಾಯಿ ಇರುತ್ತೆ, ಬಲಗಡೆ ಕೂತ್ಕೋ."

ಹುಡುಗಿ ಛತ್ರಿ ಹಿಡಿದು ಓಡಿದಳು. ಶೆಫಾಲಿ ಉಸ್ಸೆಂದು ಕೂತು, ಮಂಜುಗಡ್ಡೆಯ ನೀರಲ್ಲಿ ಸೆರಗಿನ ತುದಿ ಅದ್ದಿ ತುಟಿಗೆ ಒತ್ತಿಕೊಂಡಳು. ಪಾದ ಮೊದಲಿಗಿಂತ ಹೆಚ್ಚು ಊದಿತ್ತು. ನನಗೆ ತಡೆಯಲಾಗಲಿಲ್ಲ. ಚಹಾದಂಗಡಿಗೆ ಹೋಗಿ ಒಂದು ದೊಡ್ಡ ಲೋಟದ ತುಂಬ ತಣ್ಣನೆಯ ನೀರು ತಂದು ಅವಳ ಮುಂದೆ ಹಿಡಿದೆ.

ಆಕೆ ಲೋಟವನ್ನು ನೋಡಿದಳು, ಕಿಟಕಿಯಲ್ಲಿ ಈಜುತ್ತಿದ್ದ ಮೀನುಗಳನ್ನು ನೋಡಿದಳು, ಆಮೇಲೆ ನನಗೇ ಬುದ್ಧಿ ಹೇಳಿದಳು.

"ಈಗಲೇ ಕುಡಿದ್ರೆ ಹೇಗೆ ಬೊಡೊಬಾಬು? ಟ್ಯಾಂಕ್ ಇನ್ನೂ ಹದಕ್ಕೆ ಬಂದಿಲ್ವಲ್ಲ. ನೀವೇ ನಿಯಮ ಮರೆತ್ರೆ ಹೇಗೆ?"

ವಿಷಯ ಇಷ್ಟು ಚೆನ್ನಾಗಿ ಜನರಿಗೆ ಮನವರಿಕೆಯಾದದ್ದು ಕಂಡು ನನಗೆ ಹೆಮ್ಮೆಯಾಯಿತು. ತಂದ ನೀರನ್ನು ಚೆಲ್ಲುವುದು ಸರಿಯಲ್ಲವೆಂದು ಅಲ್ಲೇ ನಿಂತು ನಾನೇ ಪೂರ್ತಿ ಕುಡಿದೆ. ಲೋಟ ಹಿಂದಿರುಗಿಸಿ, ಶೌಚಾಲಯದ ಹೊರಗೋಡೆಯ ಬಳಿ ಒಂದು ನಿಮಿಷ ನಿಂತು ಹಗುರವಾಗಿ, ಕಚೇರಿಗೆ ಹೊರಟೆ.